ಮೊದಲು ಎತ್ತಿದ ಕೈ

"ಅವ ಹೊಡಿಯಾಕೇ ಕೈ ಎತ್ತ್ಯಾನ ಅಂತ ನಿನಗ ಹ್ಯಾಂಗ ಗೊತ್ತಾತು ಜೈಪಾಲಾ? ತಲಿ ತುರಿಸ್ಕೊಳ್ಳಾಕ ಎತ್ತಿದ್ರ?" ಎಂದಳು ಸಾಯಮ್ಮ.

ಕೂತಿದ್ದ ಹನ್ನೆರಡು ಹದಿಮೂರು ಮಂದಿ ನಕ್ಕರು. ಕಪ್ಪು ಹಲಗೆಯ ಪಕ್ಕ ಸೀಮೆಸುಣ್ಣ ಹಿಡಿದು ನಿಂತಿದ್ದ ಜೈಪಾಲನೂ ನಕ್ಕ. ನಗದಿದ್ದರೆ ಎದ್ದು ಕಾಣುತ್ತಿತ್ತು. ಎಂಬತ್ತೈದರ ಸಾಯಮ್ಮ ತೆಲಂಗಾಣದ ಗಡಿಯ ಜಹೀರಾಬಾದಿನ ಈ ಕನ್ನಡದ ಓಣಿಯ ಅರ್ಧ ಮಂದಿಯ ಹೆರಿಗೆ ಮಾಡಿಸಿದವಳು, ಜೈಪಾಲನ ಹೊಕ್ಕಳು ಕೊಯ್ದವಳೂ ತಾನೇ ಎಂದು ವರ್ಷಕ್ಕೆ ಹತ್ತು ಸಲ ನೆನಪು ಮಾಡುವವಳು. ಅವಳು ಕೇಳಿದರೆ ಅದು ಪ್ರಶ್ನೆಯಲ್ಲ, ಹಾಸ್ಯ ಎಂದೇ ಎಲ್ಲರೂ ಹಿಡಿಯುತ್ತಾರೆ. ಜೈಪಾಲನಿಗೆ ಮಾತ್ರ ಆ ಮಾತು ಅಂಗಿಯ ಕಾಲರಿನ ಒಳಗೆ ಬಿದ್ದ ಹುಳುವಿನ ಹಾಗೆ ಬೆನ್ನಿನುದ್ದಕ್ಕೂ ಇಳಿಯಿತು. ಹಲಗೆಯ ಕಡೆ ತಿರುಗಿ, ಆಗಲೇ ಬರೆದಿದ್ದನ್ನು ಇನ್ನೊಮ್ಮೆ ತಿದ್ದಿದ.

ಭಾನುವಾರದ ಆರಾಧನೆಗೆ ಮುಂಚೆ ದೊಡ್ಡವರಿಗೆಂದು ನಡೆಯುವ ತರಗತಿ ಅದು. ಪಾಸ್ಟರ್ ಚಿಕ್ಕ ವಯಸ್ಸಿನವರು. ಬೆಳಿಗ್ಗೆ ಆರಕ್ಕೇ ಮೋಟರ್‌ಸೈಕಲ್ ಹತ್ತಿ ಕೊಹೀರ್ ಕಡೆಯ ಹಳ್ಳಿಗೆ ಹೋಗಿ ಅಲ್ಲಿಯ ಪ್ರಾರ್ಥನೆ ಮುಗಿಸಿ ಹತ್ತಕ್ಕೆ ಇಲ್ಲಿ ಬರುತ್ತಾರೆ. ಅಲ್ಲಿಯವರೆಗೆ ಜೈಪಾಲನ ಪಾಠ. ಈ ವಾರ ಪಾಸ್ಟರೇ ವಿಷಯ ಕೊಟ್ಟಿದ್ದರು. ಟಿವಿ ತುಂಬ ಯುದ್ಧ. ದೂರದ ಒಂದು ದೇಶ ಇನ್ನೊಂದರ ಮೇಲೆ, ಅದು ನಾಳೆ ನಮ್ಮನ್ನು ಹೊಡೆಯುವುದಿತ್ತು ಎಂದು ಹೇಳಿ, ಇವತ್ತೇ ಬಾಂಬು ಹಾಕಿತ್ತು. ಬಸ್ಸಿನಲ್ಲಿ, ಚಹದ ಹೋಟೆಲಿನಲ್ಲಿ ಅದೇ ಮಾತು. ನಮ್ಮ ಮಂದಿ ಕೇಳುತ್ತಿದ್ದಾರೆ ಅಣ್ಣಾ, ಕ್ರಿಸ್ತನವರು ಇದಕ್ಕೆ ಏನನ್ನಬೇಕು ಅಂತ, ನೀವು ಓದಿಕೊಂಡವರು, ಜರಾ ಬಿಡಿಸಿ ಹೇಳಿ ಎಂದಿದ್ದರು. ಓದಿಕೊಂಡವರು ಎಂಬ ಮಾತು ಕೇಳಿದರೆ ಜೈಪಾಲನಿಗೆ ಈಗಲೂ ಹಿಗ್ಗು. ಮೂರು ಸಂಜೆ ಕೂತು ಒಂದು ಹಳೆಯ ಕಿರುಹೊತ್ತಿಗೆಯಿಂದ ಐದು ಮಾತು ತೆಗೆದಿದ್ದ. ಕಾರಣ ನ್ಯಾಯವಾಗಿರಬೇಕು. ಅಧಿಕಾರವಿದ್ದವನೇ ಸಾರಬೇಕು. ಮನಸ್ಸಿನಲ್ಲಿ ಸೇಡು ಇರಬಾರದು. ಬೇರೆ ದಾರಿಗಳೆಲ್ಲ ಮುಗಿದಿರಬೇಕು. ಏಟು ತಪ್ಪಿಗಿಂತ ದೊಡ್ಡದಾಗಬಾರದು, ಏನೂ ಮಾಡದವರಿಗೆ ತಾಗಬಾರದು. ಬರೆದುಕೊಳ್ಳುವಾಗ ಒಂದೊಂದನ್ನೂ ಅವನು ಕಚೇರಿಯ ಸುತ್ತೋಲೆಯ ಹಾಗೆ ಸಂಖ್ಯೆ ಹಾಕಿ ಬರೆದಿದ್ದ. ಐದನೆಯದು ಮುಗಿದಾಗ ಪೆನ್ನು ಕೆಳಗಿಟ್ಟು ಅಂಗಳಕ್ಕೆ ಹೋಗಿ, ಯಾಕೆ ಬಂದೆ ಎಂದು ಗೊತ್ತಾಗದೆ, ಕೈ ತೊಳೆದುಕೊಂಡು ಬಂದಿದ್ದ.

"ಸಾಯಮ್ಮಾ, ಹಾವು ಹೆಡಿ ಎತ್ತಿದ ಮ್ಯಾಲ ಬಡಿಗಿ ಹುಡುಕ್ತಾರೇನು?" ಎಂದ ಆತ್ಮಾರಾಮ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು, ಈಗ ಮೂರೂ ಹೊತ್ತು ಟಿವಿಯ ಮುಂದೆ ಇರುವವನು. "ಮೊದಲೇ ಬಡದ್ರ ನಾವು ಉಳಿತೀವಿ. ಇದರಾಗ ಏನದ ಕೇಳೋದು?"

"ನೀ ಮೊದಲು ಅದರ ಬಾಲ ತುಳ್ದಿದ್ದಿ ಏನೋ, ಕಂಡಕ್ಟರಾ. ನಿನ್ನ ಬಸ್ಸಿನ್ಯಾಗ ನನ್ನ ಕಾಲು ಎಷ್ಟು ಸಲ ತುಳ್ದೀ."

"ಕೇಳ್ರಿ, ಕೇಳ್ರಿ," ಎಂದ ಜೈಪಾಲ. "ಮೊದಮೊದಲಿನ ವಿಶ್ವಾಸಿಗಳು ಆಯುಧನೇ ಹಿಡಿತಿರಲಿಲ್ಲ. ತಮ್ಮನ್ನ ಕೊಂದ್ರೂ ಕೈ ಎತ್ತಲಿಲ್ಲ. ಆಮ್ಯಾಲೆ ಬಂದ ದೊಡ್ಡೋರು, ನನ್ನ ಕೆನ್ನಿ ಅಂದ್ರ ನಾ ತಿರುಗಿಸಬಹುದು, ಬಾಜೂಕಿನವನ ಕೆನ್ನಿ ತಿರುಗಿಸಾಕ ನಾ ಯಾರು, ಅವನ್ನ ಕಾಯಬೇಕಲ್ಲ ಅಂದ್ರು. ಅಲ್ಲಿಂದ ಈ ಐದು ಮಾತು ಹುಟ್ಟಿದ್ವು. ಇನ್ನ ಮೊದಲು ಹೊಡಿಯೋದು. ಅದರಾಗ ಎರಡು ನಮೂನಿ ಅವ. ವೈರಿ ಕತ್ತಿ ಹಿರಿದು ಬಾಗಿಲಿಗೆ ಬಂದಾನ, ಇದು ಒಂದು. ವೈರಿ ಮುಂದ ಎಂದಾದ್ರೂ ಬಂದಾನು, ಅದಕ್ಕ ಈಗೇ ಹೋಗಿ ಅವನ ಮನಿ ಸುಡೋಣು, ಇದು ಇನ್ನೊಂದು. ಮೊದಲನೇದಕ್ಕ ಕೆಲವರು ಒಪ್ಪ್ಯಾರ. ಎರಡನೇದಕ್ಕ ಒಪ್ಪಿಲ್ಲ. ಬರೇ ಅಂಜಿಕಿ ಅನ್ನೋದು ಕಾರಣ ಆಗಂಗಿಲ್ಲ. ಖಾತ್ರಿ ಇರಬೇಕು."

"ಖಾತ್ರಿ ಇದ್ರ ಹೊಡಿಬಹುದು?" ಎಂದು ಕೇಳಿದ ಹಣಮಯ್ಯ.

ಮೂರನೆಯ ಬೆಂಚಿನ ಕಿಟಕಿಯ ಕಡೆ ಕೂತಿದ್ದ ಹಣಮಯ್ಯ ಇಡೀ ಗಂಟೆಯಲ್ಲಿ ಆಡಿದ ಮಾತು ಅದೊಂದೇ. ಎರಡೂ ಕೈ ಮಂಡಿಯ ಮೇಲಿಟ್ಟು, ಸಾಲೆಯ ಹುಡುಗನ ಹಾಗೆ ಹಲಗೆಯನ್ನೇ ನೋಡುತ್ತಿದ್ದ. ಅವನು ನೆಲಕ್ಕೆ ಫರಸಿ ಕಲ್ಲು ಹಾಸುವ ಮೇಸ್ತ್ರಿ. ತಾಂಡೂರು ಕಲ್ಲಿನ ನೀಲಿ ಪುಡಿ ಅವನ ಉಗುರಿನ ಸಂದಿಯಿಂದ ಯಾವ ಭಾನುವಾರವೂ ಹೋದದ್ದಿಲ್ಲ. ಈ ಚರ್ಚಿನ ನೆಲ ಹಾಸಿದವನೂ ಅವನೇ. ಜೈಪಾಲನೂ ಅವನೂ ಒಂದೇ ಓಣಿಯಲ್ಲಿ ಬೆಳೆದವರು, ಹತ್ತೊಂಬತ್ತು ವರ್ಷದಿಂದ ಈ ಸಭೆಯ ಇಬ್ಬರು ಹಿರಿಯರು. ಜೈಪಾಲ ಸೀಮೆಸುಣ್ಣವನ್ನು ಹಲಗೆಯ ಅಂಚಿಗಿಟ್ಟ. "ಖಾತ್ರಿ ಇದ್ರ... ಅಂದ್ರ, ಬೇರೆ ದಾರಿ ಇಲ್ದಾಗ..." ಎಂದ. ಹಣಮಯ್ಯ ತಲೆಯಾಡಿಸಿದ. ತಾನು ಹುಡುಕುತ್ತಿದ್ದ ಕಲ್ಲು ಸಿಕ್ಕಿತು ಎಂಬ ಹಾಗಿತ್ತು ಆ ತಲೆಯಾಡಿಸುವಿಕೆ.

ತನಗೂ ಖಾತ್ರಿ ಇತ್ತಲ್ಲ, ಎಂದುಕೊಂಡ ಜೈಪಾಲ. ಹಲಗೆ ಒರೆಸುವ ಬಟ್ಟೆಯಿಂದ ಐದನೆಯ ಸಾಲನ್ನು ಒರೆಸುತ್ತಾ, ಅದು ಪೂರ್ತಿ ಹೋಗದೆ ಬಿಳಿಯ ಮಬ್ಬಾಗಿ ಉಳಿದದ್ದನ್ನು ನೋಡುತ್ತಾ, ಅವನು ಮನಸ್ಸಿನಲ್ಲಿ ಆರು ವಾರದ ಹಿಂದಿನ ಆರಾಧನೆಯ ಕೊನೆಯಲ್ಲಿ ಇದೇ ಜಾಗದಲ್ಲಿ ನಿಂತಿದ್ದ. ಹಣಮಯ್ಯ ಬೆಂಚಿನಿಂದ ಬೆಂಚಿಗೆ ಒಂದು ಉದ್ದನೆಯ ಕಾಗದ ಹಿಡಿದು ತಿರುಗುತ್ತಿದ್ದ, ಮಂದಿ ಒಬ್ಬೊಬ್ಬರೇ ಬಗ್ಗಿ ಸಹಿ ಮಾಡುತ್ತಿದ್ದರು, ಸಾಯಮ್ಮ ಹೆಬ್ಬೆಟ್ಟು ಒತ್ತಿ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಜೈಪಾಲ ಹತ್ತಿರ ಹೋದ ಕೂಡಲೇ ಹಣಮಯ್ಯ ಕಾಗದವನ್ನು ಮಡಚಿ ಅಂಗಿಯೊಳಗೆ ತುರುಕಿಕೊಂಡು, "ಊಟಕ್ಕ ಏನ್ ಮಾಡ್ಯಾರ ಮನ್ಯಾಗ?" ಎಂದು ಕೇಳಿದ್ದ. ಮೂವತ್ತೊಂದು ವರ್ಷ ಕಂದಾಯ ಕಚೇರಿಯಲ್ಲಿ ಕೂತವನಿಗೆ ಕಾಗದ ಮಡಚುವ ರೀತಿಯಲ್ಲೇ ಅದರೊಳಗಿನದು ಗೊತ್ತಾಗುತ್ತದೆ ಎಂಬ ಜಂಬ. ಅದಕ್ಕೂ ಹದಿನೈದು ದಿನ ಮುಂಚೆ ಕಮಿಟಿಯಲ್ಲಿ ಇಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತು. ಯಾವ ವಿಷಯಕ್ಕೆ ಎಂಬುದು ಈಗ ಅವಮಾನವಾಗುವಷ್ಟು ಸಣ್ಣದು, ಮೈಕಿನ ಡಬ್ಬಿ ಎಲ್ಲಿಡಬೇಕು ಎಂಬುದು. ಹಣಮಯ್ಯ ಸಿಟ್ಟಿನಲ್ಲಿ, "ಕಾಗದದಾಗ ಒಂದು, ಬೆಂಚಿನ ಮ್ಯಾಲ ಒಂದು, ಅಂಥೋರು ನಮಗ ದಾರಿ ತೋರಸ್ತಾರ" ಎಂದುಬಿಟ್ಟಿದ್ದ. ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ. ಜೈಪಾಲ ಮನೆಗೆ ಒಯ್ದ.

ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿಬಿಟ್ಟು ಹೇಳದ ಸಂಗತಿ ಅದು. ಅಜ್ಜಂದಿರ ಕಾಲದಲ್ಲಿ ದೀಕ್ಷಾಸ್ನಾನವೆಂದು ಕ್ರಿಸ್ತನ ನೀರು ಹಾಕಿಸಿಕೊಂಡವರು. ಆದರೂ ಸಾಲೆಯ ದಾಖಲೆಯಲ್ಲಿ ಹಳೆಯ ಜಾತಿ, ಹಳೆಯ ಧರ್ಮ, ಹಳೆಯ ಹೆಸರು. ಕ್ರೈಸ್ತ ಎಂದು ಬರೆಸಿದರೆ ಆ ಜಾತಿಗೆಂದು ಇಟ್ಟ ನೌಕರಿ ಸಿಗುವುದಿಲ್ಲ. ನೀರು ಹಾಕಿಸಿಕೊಂಡ ಮಾತ್ರಕ್ಕೆ ಊರು ಅವರನ್ನು ಬಾವಿಯ ಹತ್ತಿರ ಬಿಟ್ಟುಕೊಂಡಿರಲಿಲ್ಲ, ಸರ್ಕಾರ ಮಾತ್ರ ನೀವೀಗ ಬೇರೆ ಎಂದಿತ್ತು. ಹೀಗೆ ಚರ್ಚಿನ ಪುಸ್ತಕದಲ್ಲಿ ಒಬ್ಬ ಜೈಪಾಲ, ಸರ್ಟಿಫಿಕೇಟಿನಲ್ಲಿ ಇನ್ನೊಬ್ಬ. ನಿವೃತ್ತಿಗೆ ಇನ್ನು ಎರಡು ವರ್ಷ. ಯಾರಾದರೂ ಒಂದು ಅರ್ಜಿ ಕೊಟ್ಟರೆ ಸಾಕು, ನೌಕರಿ ಹೋಯಿತು ಎಂಬ ಅಂಜಿಕೆ ಮೂವತ್ತೊಂದು ವರ್ಷದಿಂದ ಅವನ ಜೊತೆ ಊಟಕ್ಕೆ ಕೂಡುತ್ತಿತ್ತು, ಕೈ ತೊಳೆದು ಏಳುತ್ತಿತ್ತು. ಈಗ ಆ ಅಂಜಿಕೆಗೆ ಒಂದು ಮುಖ ಸಿಕ್ಕಿತು. ಒಂದು ಕಾಗದ ಸಿಕ್ಕಿತು. ಅದೇ ವಾರ ತಾಂಡೂರಿನಲ್ಲಿ ಬಂಧುಗಳ ಮದುವೆ, ಅಲ್ಲಿ ಕೈ ತೊಳೆಯುವ ನಲ್ಲಿಯ ಹಿಂದೆ ಹಣಮಯ್ಯ ಯಾರಿಗೋ ಹೇಳುತ್ತಿದ್ದ: "ಜೈಪಾಲಗ ತೋರಸಬ್ಯಾಡ. ಅವನಿಗಿ ತಿಳೀತಂದ್ರ ಕೆಲಸ ಕೆಡ್ತದ." ಜೈಪಾಲ ಊಟ ಬಿಟ್ಟು ಹೊರಬಿದ್ದ. ಬಸ್‌ಸ್ಟ್ಯಾಂಡಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಕೂತು, ಒಂದು ತಪ್ಪಿಲ್ಲದೆ, ಮೇಲಧಿಕಾರಿಗಳಿಗೆ ಒಂದು ಪತ್ರವನ್ನು ತೆಲುಗಿನಲ್ಲಿ ಸಾಲು ಸಾಲಾಗಿ ಹೇಳಿ ಬರೆಸಿದ. ತನ್ನ ಮೇಲೆ ಬರುವ ಕಲ್ಲಿಗೆ ಎದುರಾಗಿ ಎಸೆಯಲು ಅವನ ಹತ್ತಿರ ಒಂದೇ ಕಲ್ಲಿತ್ತು: ಹಣಮಯ್ಯನ ಮಗಳು ಶಿಲ್ಪಾರಾಣಿ. ನಾರಾಯಣಖೇಡದ ಒಂದು ಬಾಲಕಿಯರ ಹಾಸ್ಟೆಲಿನಲ್ಲಿ ವಾರ್ಡನ್. ಅದೇ ಥರದ ಸರ್ಟಿಫಿಕೇಟು. ಅವನ ಮನೆಗೇ ಬೆಂಕಿ ಬಿದ್ದರೆ ನನ್ನ ಮನೆಗೆ ಕೊಳ್ಳಿ ತರಲು ಅವನಿಗೆ ಪುರಸೊತ್ತೆಲ್ಲಿ, ಎಂಬುದು ಅವತ್ತಿನ ಲೆಕ್ಕಾಚಾರ. ಇವಳು ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತಾಳೆ, ಚೌಕಶಿ ಮಾಡಿರಿ, ವಿಚಾರಣೆ ನಡೆಸಿರಿ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಮಾತಿನ ಓಘಕ್ಕೆ ಇನ್ನೊಂದು ಸಾಲು ಬಂತು: ಇಂಥ ಸುಳ್ಳಿನವಳ ಕೈಯಲ್ಲಿ ಹೆಣ್ಣುಮಕ್ಕಳು ಏನು ಕಲಿತಾರು. ಟೈಪು ಮಾಡುವ ಹುಡುಗಿ ತಲೆಯೆತ್ತದೆ, "ಹೆಸರು ಏನ್ ಹಾಕ್ಲಿ ಸಾರ್?" ಎಂದಳು. ಒಬ್ಬ ಪ್ರಜೆ ಅಂತ ಹಾಕಮ್ಮ ಎಂದ. "ಓ, ಆಕಾಶರಾಮನ್ನ ಉತ್ತರಂ," ಎಂದು ಅವಳು ನಕ್ಕಳು. ಹೆಸರಿಲ್ಲದ ಪತ್ರಕ್ಕೆ ಆ ಕಡೆ ಹಾಗೇ ಅನ್ನುತ್ತಾರೆ, ಕೆಟ್ಟದ್ದಾಗಿ ಏನೂ ಅಂದಿರಲಿಲ್ಲ; ಆದರೆ ಆ ನಗು ಅವನ ಜೊತೆ ಬಸ್ಸು ಹತ್ತಿತು. ಅವಳು ಕೇಳದೆಯೇ ಎರಡು ಪ್ರತಿ ತೆಗೆದಿದ್ದಳು, ಒಂದು ಆಫೀಸ್ ಕಾಪಿ. ಒಂದನ್ನು ಅಲ್ಲೇ ಅಂಚೆ ಡಬ್ಬಿಗೆ ಹಾಕಿದ. ಇನ್ನೊಂದನ್ನು ಹರಿದು ಹಾಕಬೇಕೆಂದು ದಾರಿಯಲ್ಲಿ ಮೂರು ಸಲ ಕೈಗೆ ತೆಗೆದುಕೊಂಡ. ಜೀವಮಾನವಿಡೀ ಕಾಗದ ಕಾಯ್ದ ಕೈಗೆ ಹರಿಯಲು ಬರಲಿಲ್ಲ. ಈಗಲೂ ಅದು ಅವನ ಪಾಠದ ನೋಟ್‌ಬುಕ್ಕಿನ ರಟ್ಟಿನೊಳಗೆ, ಐದು ಮಾತುಗಳ ಹಿಂದೆ, ಮೂರು ಮಡಿಕೆಯಾಗಿ ಇತ್ತು.

ತರಗತಿ ಮುಗಿಯಿತು. ಆತ್ಮಾರಾಮ ಹೊರಗೆ ಹೋಗುತ್ತಾ, "ಭೇಷ್ ಹೇಳಿದ್ರಿ ಜೈಪಾಲಣ್ಣ, ನಮ್ಮ ಟಿವಿಯವರಿಗಿಂತ ಚಲೋ," ಎಂದು ಬೆನ್ನು ತಟ್ಟಿದ. ಸಾಯಮ್ಮ ಮಂಡಿ ಹಿಡಿದುಕೊಂಡು ಎದ್ದು, "ನನ್ನ ಪ್ರಶ್ನಿಗಿ ಉತ್ತರ ಬರ್ಲಿಲ್ಲ ನೋಡು," ಎಂದಳು.

"ಯಾವ್ದು?"

"ಕೈ ಎತ್ತಿದ್ದು ಯಾಕಂತ ಅವನ್ನೇ ಕೇಳಿದ್ರ ಆಗ್ತಿರಲಿಲ್ಲೇನು? ಬಾಯಿ ಇತ್ತಲ್ಲ ಇಬ್ಬರಿಗೂ." ಹೇಳಿದವಳೇ ನೀರಿನ ಹೂಜಿಯ ಕಡೆ ಹೋದಳು.

ಕೇಳಿದ್ದರೆ. ಪತ್ರ ಹಾಕಿದ ಎಂಟನೆಯ ದಿನ, ಕಚೇರಿಗೆ ಬಂದ ಕಾಗದಗಳನ್ನು ಬಿಡಿಸುತ್ತಿದ್ದ ಮೀನಾ, ಪಕ್ಕದ ಟೇಬಲಿನ ಹುಡುಗಿ, "ಸರ್, ನಿಮ್ಮ ಓಣಿಯೋರ ಅರ್ಜಿ ಬಂದದ ನೋಡ್ರಿ. ನಿಮ್ಮ ಹೆಸರೇ ಇಲ್ಲಲ್ಲ?" ಎಂದು ಅವನ ಮುಂದೆ ಹಿಡಿದಿದ್ದಳು. ಆ ಉದ್ದನೆಯ ಕಾಗದವೇ. ರಸ್ತೆ ಅಗಲ ಮಾಡಲು ನೆಟ್ಟ ಗುರುತಿನ ಕಲ್ಲು ನಮ್ಮ ಸಮಾಧಿಯ ಜಾಗದೊಳಗೆ ಬಂದಿದೆ, ಅದನ್ನು ಹೊರಗೆ ಸರಿಸಿ ಗೋಡೆ ಕಟ್ಟಿಸಿಕೊಡಬೇಕು ಎಂದು, ಕೆಳಗೆ ಸಹಿ ಮಾಡಿದ ಕ್ರೈಸ್ತರಾದ ನಾವು. ಅರವತ್ತಮೂರು ಸಹಿ. ಸಾಯಮ್ಮನ ಹೆಬ್ಬೆಟ್ಟು. ಗುರುತಿನ ಕಲ್ಲು ಬಂದಿದ್ದ ಮೂಲೆಯಲ್ಲಿ ಮಲಗಿದ್ದವರು ಜೈಪಾಲನ ತಂದೆ ತಾಯಿ. ಅವನು ಸಂಜೆ ಹಣಮಯ್ಯನ ಮನೆಗೆ ಹೋಗಿ, ನನ್ನ ಸಹಿ ಯಾಕ ಕೇಳಲಿಲ್ಲ ಎಂದಿದ್ದ. "ಹುಚ್ಚ ಇದ್ದೀಯೇನು?" ಎಂದಿದ್ದ ಹಣಮಯ್ಯ, ಕಾಲಿಗೆ ಹತ್ತಿದ ಸಿಮೆಂಟು ತಿಕ್ಕಿ ತೊಳೆಯುತ್ತಾ. "ಕ್ರೈಸ್ತರಾದ ನಾವು ಅಂತ ಬರ್ದದ. ಅದರ ತೆಳಗ ನಿನ್ನ ಸಹಿ ಹಾಕಿಸಿ, ನಿನ್ನ ಕಚೇರಿಗೇ ಕೊಡ್ಲೇನು? ಎರಡು ವರ್ಷ ಅದ ನಿಂದು. ನಿನಗ ತಿಳಿದ್ರ ನಾನೂ ಮಾಡ್ತೀನಿ ಅಂತ ಬರ್ತೀ, ನಿನ್ನ ಸೊಭಾವ ನನಗ ಗೊತ್ತಿಲ್ಲೇನು. ಅದಕ್ಕ ಮುಚ್ಚಿಟ್ಟೆ. ನಮ್ಮ ಶಿಲ್ಪಾಂದೂ ಹಾಕಿಸಿಲ್ಲ." ಆಮೇಲೆ ಅವನ ಹೆಂಡತಿ ಚಹ ತಂದಳು, ಬಿಸ್ಕೀಟು ತಂದಳು. ಜೈಪಾಲ ಎರಡು ಬಿಸ್ಕೀಟು ತಿಂದ. ಅದು ಅವನಿಗೆ ಉಳಿದೆಲ್ಲದಕ್ಕಿಂತ ಹೆಚ್ಚಾಗಿ ನೆನಪಾಗುತ್ತದೆ, ಎರಡನೆಯದನ್ನೂ ತಾನೇ ಕೈ ಹಾಕಿ ತೆಗೆದುಕೊಂಡದ್ದು. ಅದರ ಮುಂದಿನ ಭಾನುವಾರ ತಿಂಗಳ ಮೊದಲನೆಯ ಭಾನುವಾರ, ಪ್ರಭುಭೋಜನ. ಹತ್ತೊಂಬತ್ತು ವರ್ಷದ ವಾಡಿಕೆಯಂತೆ ಅವನು ರೊಟ್ಟಿಯ ತಟ್ಟೆ ಹಿಡಿದ, ಹಣಮಯ್ಯ ದ್ರಾಕ್ಷಾರಸದ ಸಣ್ಣ ಬಟ್ಟಲುಗಳನ್ನು ಹಿಡಿದ, ಇಬ್ಬರೂ ಬೆಂಚಿನಿಂದ ಬೆಂಚಿಗೆ ಹೋದರು. ಎಲ್ಲರಿಗೂ ಕೊಟ್ಟು ಮುಗಿದ ಮೇಲೆ ಇಬ್ಬರು ಹಿರಿಯರು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವುದು ಕ್ರಮ. ಹಣಮಯ್ಯ ಬಾಯಿ ತೆರೆದು ನಿಂತ. ಜೈಪಾಲ ಆ ಬಾಯಿಗೆ ರೊಟ್ಟಿಯ ತುಣುಕು ಇಟ್ಟ.

ಇವತ್ತು ಮತ್ತೆ ಮೊದಲನೆಯ ಭಾನುವಾರ.

ಈ ಚರ್ಚಿಗೆ ತನ್ನದೇ ಆದ ಒಂದು ರೂಢಿ ಇದೆ. ಯಾವ ಪಾಸ್ಟರ್ ತಂದದ್ದೋ ಯಾರಿಗೂ ಗೊತ್ತಿಲ್ಲ. ಎಲ್ಲಕ್ಕೂ ಹಿಂದೆ, ಬಾಗಿಲ ಬಲಗಡೆ, ನೆಲ ಹಾಸಿ ಉಳಿದ ಕಲ್ಲಿನಲ್ಲಿ ಹಣಮಯ್ಯನೇ ಕಟ್ಟಿದ ಒಂದು ಬೆಂಚಿದೆ. ಬೇರೆ ದಿನ ಅದರ ಮೇಲೆ ಚೀಲ, ಕೊಡೆ, ಹೆಲ್ಮೆಟ್ಟು. ಭೋಜನದ ಭಾನುವಾರ ಮಾತ್ರ ಖಾಲಿ ಮಾಡುತ್ತಾರೆ. ಯಾರ ಮೇಲಾದರೂ ಮನಸ್ಸಿನಲ್ಲಿ ಸಿಟ್ಟಿನ ಗಂಟಿದ್ದವನು, ಇಲ್ಲವೆ ತನ್ನಿಂದ ಯಾರಿಗಾದರೂ ಕೇಡಾಗಿದೆ ಎಂದು ತಿಳಿದವನು, ಅಲ್ಲಿ ಹೋಗಿ ಕೂಡಬೇಕು. ಯಾರೂ ಕಾರಣ ಕೇಳುವುದಿಲ್ಲ. ತಟ್ಟೆ ಅಲ್ಲಿಗೆ ಹೋಗುವುದಿಲ್ಲ, ಅದರ ಮುಂದಿನ ಬೆಂಚಿನಿಂದ ತಿರುಗುತ್ತದೆ. ಪೆದ್ದೆಮುಲ್ ಹಳ್ಳಿಯಲ್ಲಿದ್ದ ತನ್ನ ಅಣ್ಣನ ಜೊತೆ ಜಗಳವಾದ ವರ್ಷ ಹಣಮಯ್ಯ ಐದು ತಿಂಗಳು ಅಲ್ಲಿ ಕೂತಿದ್ದ, ತಾನು ಕಟ್ಟಿದ್ದರ ಮೇಲೆ ತಾನೇ. ಜೈಪಾಲ ಒಮ್ಮೆಯೂ ಕೂತವನಲ್ಲ. ಹಾಗೆಂದು ಅವನಿಗೆ ಒಳಗೊಳಗೇ ಒಂದು ಹೆಮ್ಮೆಯೂ ಇತ್ತು.

"ಜೈಪಾಲಾ, ಜರಾ ಹೊರಗ ಬಾ," ಎಂದ ಹಣಮಯ್ಯ.

ಹೊರಗೆ ಬೇವಿನ ಗಿಡದ ಕೆಳಗೆ ಸ್ಕೂಟಿಯ ಮೇಲೆ ಶಿಲ್ಪಾರಾಣಿ ಕೂತಿದ್ದಳು. ಆ ಪತ್ರದ ಮೇಲೆ ಇಲಾಖೆಯ ನೋಟೀಸು ಬಂದಾಗಿನಿಂದ ಅವಳು ಒಳಗೆ ಬರುತ್ತಿಲ್ಲ. ತಾಯಿಯನ್ನು ಇಳಿಸಿ, ಆರಾಧನೆ ಮುಗಿಯುವವರೆಗೆ ಗಿಡದ ಕೆಳಗೇ ಇದ್ದು, ಕರೆದುಕೊಂಡು ಹೋಗುತ್ತಾಳೆ. ಹಾಡು ಶುರುವಾದಾಗ ಅವಳ ತುಟಿ ಆಡುವುದನ್ನು ಜೈಪಾಲ ಹೋದ ವಾರ ಕಿಟಕಿಯಿಂದ ನೋಡಿದ್ದ. ಚಿಕ್ಕಂದಿನಲ್ಲಿ ಅವನ ಹೆಗಲ ಮೇಲೆ ಕೂತು ಕ್ರಿಸ್ಮಸ್ ನಕ್ಷತ್ರ ಕಟ್ಟಿದ ಹುಡುಗಿ. ಈಗ ಕಣ್ಣ ಕೆಳಗೆ ಕಪ್ಪು.

"ನಾಳಿಗಿ ಹನ್ನೊಂದಕ್ಕ ಚೌಕಶಿ ಅದ, ನಾರಾಯಣಖೇಡದಾಗ," ಎಂದ ಹಣಮಯ್ಯ, ಮೆಟ್ಟಿಲ ಮೇಲೆ ಕೂಡುತ್ತಾ. ಅಂಗಿಯ ಕಿಸೆಯಿಂದ ನೋಟೀಸು ತೆಗೆದ. ಅದಕ್ಕೆ ಲಗತ್ತಿಸಿದ ಪತ್ರದ ನಕಲು ತೆಗೆದ. ಎರಡನ್ನೂ ಮಂಡಿಯ ಮೇಲೆ ಸರಿಮಾಡಿದ. "ಯಾರು ಬರ್ದಾರ ಅಂತ ನನಗ ತಿಳೀತು. ಅವಳ ಹಾಸ್ಟೆಲಿನ ಅಡಗಿಯವ, ಶಂಕ್ರೆಪ್ಪ. ಸಾರು ನೀರ್ ನೀರ್ ಮಾಡ್ತೀ ಅಂತ ಇವಳು ಎಲ್ಲಾರ ಮುಂದ ಅಂದಾಳ. ನೋಡ್ಕೋತೀನಿ ಮೇಡಂ ಅಂದಿದ್ನಂತ. ಅವ ಇನ್ನೊಂದು ಬರಿಯೋದ್ರಾಗ ನಾವು ಅವನ ಮ್ಯಾಲ ಬರೀಬೇಕು. ದಿನಗೂಲಿಯವ, ಒಂದು ಕಾಗದ ಬಿದ್ರ ಹೋಗ್ತಾನ. ನಾ ಎರಡು ದಿನದಿಂದ ವಿಚಾರ ಮಾಡ್ತಿದ್ದೆ, ಮೊದಲು ಹೊಡಿಯೋದು ಪಾಪ ಏನೋ ಅಂತ. ಇವತ್ತು ನೀ ಹೇಳಿದ್ಯಲ್ಲ, ಖಾತ್ರಿ ಇದ್ರ ಆಗ್ತದ ಅಂತ. ನನಗ ಖಾತ್ರಿ ಅದ. ನೀ ಬರ್ದುಕೊಡು."

"ಅಪ್ಪ ಅಂತಾರ ಕಾಕಾ, ನನಗ ಅಷ್ಟು ಅನ್ನಿಸ್ವಲ್ದು," ಎಂದಳು ಶಿಲ್ಪಾರಾಣಿ. "ಆ ಮನುಷ್ಯಾ ಬಾಯಿ ಹರಕ, ಖರೆ. ಆದ್ರ ಇದು ಓದಿದೋರು ಬರ್ದದ್ದು ಅದ. ಒಂದ್ ತಪ್ಪಿಲ್ಲ."

"ಓದಿದೋರ ಹತ್ರ ಬರ್ಸ್ಯಾನ. ಮಂದಿ ಸಿಗಲ್ಲೇನು?"

ಅಂದರೆ ಹೀಗೆ, ಎಂದುಕೊಂಡ ಜೈಪಾಲ. ತಾನು ಎಸೆದ ಕಲ್ಲು ಇನ್ನೂ ನೆಲಕ್ಕೆ ಬಿದ್ದಿಲ್ಲ. ನಾರಾಯಣಖೇಡದ ಯಾವುದೋ ಅಡುಗೆಮನೆಯಲ್ಲಿ ಬೇಳೆ ತೊಳೆಯುತ್ತಿರುವ, ತಾನು ಕಂಡೇ ಇಲ್ಲದ ಮನುಷ್ಯನ ತಲೆಯ ಕಡೆ ಹೊರಟಿದೆ. ಅದಕ್ಕೆ ಇವತ್ತು ಬೆಳಿಗ್ಗೆ ತಾನೇ ಸೀಮೆಸುಣ್ಣದಿಂದ ದಾರಿ ಗೀಚಿ ಕೊಟ್ಟಿದ್ದೇನೆ. ಬರೆದುಕೊಟ್ಟರೆ ಮುಗಿಯಿತು. ಎಷ್ಟು ಸುಲಭ. ಶಂಕ್ರೆಪ್ಪನ ಹೆಸರು ಬಿದ್ದರೆ ಇನ್ನು ಯಾರೂ ತಾಂಡೂರಿನ ಕಡೆ ನೋಡುವುದಿಲ್ಲ. ಕಚೇರಿಯ ಭಾಷೆಯಲ್ಲಿ ಮೊದಲ ವಾಕ್ಯ ಆಗಲೇ ಅವನ ತಲೆಯೊಳಗೆ ತಾನಾಗಿ ಜೋಡಿಸಿಕೊಳ್ಳುತ್ತಿತ್ತು. ಚೆನ್ನಾಗಿಯೇ ಇತ್ತು ಆ ವಾಕ್ಯ. ಹಣಮಯ್ಯ ಪೆನ್ನು ಮುಂದೆ ಹಿಡಿದಿದ್ದ, ಕ್ಯಾಪು ತೆಗೆದು.

ಜೈಪಾಲ ಪೆನ್ನು ತೆಗೆದುಕೊಳ್ಳಲಿಲ್ಲ. ನೋಟ್‌ಬುಕ್ಕಿನ ರಟ್ಟಿನೊಳಗೆ ಬೆರಳು ತೂರಿಸಿ, ಮಡಚಿದ ಹಾಳೆ ಎಳೆದು, ಬಿಡಿಸಿ, ಹಣಮಯ್ಯನ ಮಂಡಿಯ ಮೇಲಿದ್ದ ನಕಲಿನ ಪಕ್ಕ ಇಟ್ಟ.

ಹಣಮಯ್ಯನಿಗೆ ತೆಲುಗು ಓದು ನಿಧಾನ. ಆದರೆ ಕಲ್ಲಿಗೆ ಕಲ್ಲು ಹೊಂದಿಸುವ ಕಣ್ಣು. ಎರಡೂ ಹಾಳೆಯ ಸಾಲುಗಳು ಒಂದೇ ಕಡೆ ಶುರುವಾಗಿ ಒಂದೇ ಕಡೆ ಮುಗಿಯುವುದನ್ನು ಅವನು ಬೆರಳಿನಿಂದ ಅಳೆದ. ಎಡಗಡೆಯದನ್ನು ನೋಡಿದ, ಬಲಗಡೆಯದನ್ನು ನೋಡಿದ.

"ಇದು ನಿನಗ ಎಲ್ಲಿ ಸಿಕ್ತು?"

"ತಾಂಡೂರದಾಗ. ಮದುವಿ ದಿನ." ಜೈಪಾಲ ತನ್ನ ದನಿಯನ್ನು ತಾನೇ ಕೇಳಿಸಿಕೊಂಡ, ಕಚೇರಿಯಲ್ಲಿ ಯಾರದೋ ಫೈಲು ಓದುವ ದನಿ. "ನಾನೇ ಬರ್ಸಿದ್ದು."

ಶಿಲ್ಪಾರಾಣಿ ಸ್ಕೂಟಿಯಿಂದ ಇಳಿದು ಬಂದಳು. ತಂದೆಯ ಮಂಡಿಯಿಂದ ಹಾಳೆ ಎತ್ತಿಕೊಂಡು, ಗೊತ್ತಿದ್ದದ್ದನ್ನೇ ಮತ್ತೆ ಮೊದಲಿಂದ ಓದಿದಳು.

"ಯಾಕ?" ಎಂದ ಹಣಮಯ್ಯ.

"ನೀ ಹೊಡೀತಿ ಅಂತ ತಿಳ್ಕೊಂಡೆ. ಆ ಕಾಗದ... ನೀ ಮುಚ್ಚಿಟ್ಟಿದ್ಯಲ್ಲ. ನನ್ನ ನೌಕರಿ ಮ್ಯಾಲ ಅಂತ."

"ನಾ?" ಎಂದ ಹಣಮಯ್ಯ. ಸಿಟ್ಟಿಲ್ಲ, ಆಶ್ಚರ್ಯವೂ ಇಲ್ಲ. ಯಾರೋ ತಪ್ಪಾಗಿ ತನ್ನ ಹೆಸರು ಕರೆದರೇನೋ ಎಂದು ತಿರುಗಿ ನೋಡಿದವನ ಹಾಗೆ. "ನಾ, ಜೈಪಾಲಾ?"

ಜೈಪಾಲನಿಗೆ ಅವನ ಮುಖ ನೋಡಲಾಗಲಿಲ್ಲ. ಅವನ ಉಗುರುಗಳನ್ನು ನೋಡಿದ.

"ಕಾಕಾ," ಎಂದಳು ಶಿಲ್ಪಾರಾಣಿ, ಹಾಳೆಯಿಂದ ಕಣ್ಣು ತೆಗೆಯದೆ. "ಚರ್ಚಿಗಿ ಹೋಗ್ತಾಳ ಅಂತ ಬರ್ದ್ರ ನಿಮ್ಮ ಕೆಲಸ ಆಗ್ತಿತ್ತಲ್ಲ. ಈ ಕೊನೀ ಸಾಲು ಯಾಕ ಬೇಕಿತ್ತು? ಹೆಣ್ಣುಮಕ್ಕಳು ಏನು ಕಲ್ತಾರು ಅಂತ?"

ಅಂಜಿಕೆಗೆ ಆ ಸಾಲು ಬೇಕಿರಲಿಲ್ಲ. ಅಂಜಿಕೆ ಅದಕ್ಕೂ ಮುಂಚಿನ ಸಾಲಿಗೇ ಮುಗಿದಿತ್ತು. ಆ ಸಾಲು ಬರೆಸಿದವನು ಬೇರೆ ಯಾರೋ. ಮೈಕಿನ ಡಬ್ಬಿಯ ಜಗಳದಿಂದ ಎದ್ದು ಬಂದವನು, ಬರೆಯುವುದರಲ್ಲಿ ಸುಖ ಕಂಡವನು. ಅವನೂ ತಾನೇ ಎಂದು ಹೇಳಲು ಬಾಯಿ ತೆರೆದರೆ ಬಂದದ್ದು, "ಓಘಕ್ಕ ಬಂತವ್ವಾ" ಎಂಬ ಮಾತು. ಆಡಿದ ಕೂಡಲೇ ಅದು ಪತ್ರಕ್ಕಿಂತ ಹೊಲಸಾಗಿ ಕೇಳಿಸಿತು.

"ನಾಳಿಗಿ ನಾನೂ ಬರ್ತೀನಿ," ಎಂದ. "ಬರ್ದವ ನಾನು, ಹೊಟ್ಟಿಕಿಚ್ಚಿಗಿ ಬರ್ದೆ ಅಂತ ಹೇಳ್ತೀನಿ. ನನ್ನ ಸರ್ಟಿಫಿಕೇಟೂ ಹಂಗೇ ಅದ ಅಂತಾನೂ ಹೇಳ್ತೀನಿ."

"ಹೇಳಿದ್ರ?" ಎಂದ ಹಣಮಯ್ಯ. "ನೀ ಬರ್ದದ್ದು ಸುಳ್ಳಾಗ್ತದೇನು? ಖರೆನೇ ಬರ್ದಿದ್ದಿ. ನಿನ್ನ ಮನಿ ಸುಟ್ರ ನನ್ನ ಮನಿ ಬೆಂಕಿ ಆರ್ತದೇನು?"

ದೂರದಲ್ಲಿ ಪಾಸ್ಟರ ಮೋಟರ್‌ಸೈಕಲ್ಲಿನ ಸಪ್ಪಳ ಕೇಳಿತು. ಒಳಗೆ ಆತ್ಮಾರಾ‌ಮ ಗಂಟೆಯ ಹಗ್ಗ ಹಿಡಿದಿರಬೇಕು, ಗಂಟೆ ಮೂರು ಸಲ ಬಾರಿಸಿತು. ಹಣಮಯ್ಯ ಪೆನ್ನಿಗೆ ಕ್ಯಾಪು ಹಾಕಿ ಕಿಸೆಗಿಟ್ಟ. ನೋಟೀಸು, ನಕಲು, ಆಫೀಸ್ ಕಾಪಿ ಮೂರನ್ನೂ ಒಂದರ ಮೇಲೊಂದು ಇಟ್ಟು, ಅಂಚು ಸರಿಮಾಡಿ, ಮಗಳ ಕೈಗೆ ಕೊಟ್ಟ.

"ಶಂಕ್ರೆಪ್ಪಂದು ಬ್ಯಾಡ," ಎಂದ ಜೈಪಾಲ.

"ಬ್ಯಾಡ," ಎಂದ ಹಣಮಯ್ಯ. "ಒಳಗ ನಡಿ. ಗಂಟಿ ಆತು."

ಒಳಗೆ ಎಲ್ಲರೂ ಎದ್ದು ನಿಂತು ಮೊದಲ ಹಾಡು ಹಾಡುತ್ತಿದ್ದರು. ಜೈಪಾಲ ನೋಟ್‌ಬುಕ್ಕನ್ನು ಎದೆಗೆ ಹಿಡಿದು, ಮುಂದೆ ತನ್ನ ಜಾಗಕ್ಕೆ ಹೋಗುವ ದಾರಿಯನ್ನು ಒಮ್ಮೆ ನೋಡಿ, ಬಲಕ್ಕೆ ತಿರುಗಿ, ಹಿಂದಿನ ಕಲ್ಲಿನ ಬೆಂಚಿನ ಮೇಲೆ ಕೂತ. ಕಲ್ಲು ತಣ್ಣಗಿತ್ತು, ಎಷ್ಟು ನುಣುಪಾಗಿ ತಿಕ್ಕಿದ್ದಾನೆ ಎಂದು ಕೂತ ಮೇಲೆ ಗೊತ್ತಾಗುತ್ತದೆ. ಒಬ್ಬಿಬ್ಬರು ತಿರುಗಿ ನೋಡಿ, ರೂಢಿ ನೆನಪಾಗಿ, ಮುಖ ಮುಂದಕ್ಕೆ ಹಾಕಿದರು. ಹಣಮಯ್ಯ ಅವನನ್ನು ದಾಟಿ ನಡುವಿನ ದಾರಿಯಲ್ಲಿ ಅರ್ಧ ಹೋದ. ತಾನು ಹಾಸಿದ ಕಲ್ಲಿನ ಮೇಲೆ ನಿಂತ. ಮುಂದೆ ಬಿಳಿಯ ಬಟ್ಟೆಯ ಕೆಳಗೆ ರೊಟ್ಟಿಯ ತಟ್ಟೆಯೂ ಬಟ್ಟಲುಗಳೂ ಇದ್ದವು. ಆಮೇಲೆ ಅವನು ತಿರುಗಿ ಬಂದು ಅದೇ ಬೆಂಚಿನ ಇನ್ನೊಂದು ತುದಿಗೆ, ನಡುವೆ ಮೂವರು ಕೂಡುವಷ್ಟು ಜಾಗ ಬಿಟ್ಟು, ಕೂತ. ಜೈಪಾಲನ ಕಡೆ ನೋಡಲಿಲ್ಲ.

ಭೋಜನದ ಹೊತ್ತಿಗೆ ಪಾಸ್ಟರ್ ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ನೋಡಿ, ತಟ್ಟೆ ಹಿಡಿಯುವ ಇಬ್ಬರೂ ಕಾಣದೆ, ಬಟ್ಟೆ ಸರಿಸಿ ನಿಂತರು. ಯಾರೂ ಏಳಲಿಲ್ಲ. ಆಗ ಹೆಂಗಸರ ಕಡೆಯಿಂದ ಸಾಯಮ್ಮ, ಒಂದು ಕೈ ಮಂಡಿಯ ಮೇಲಿಟ್ಟು ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ತಟ್ಟೆ ಎತ್ತಿಕೊಂಡು, ಬೆಂಚಿನಿಂದ ಬೆಂಚಿಗೆ ಕುಂಟುತ್ತಾ ಬಂದಳು. ಕೊನೆಯ ಕಟ್ಟಿಗೆಯ ಬೆಂಚು ಮುಗಿಯಿತು. ಅವಳು ಅಲ್ಲೇ ನಿಂತು ಕಲ್ಲಿನ ಬೆಂಚಿನ ಈ ತುದಿ ನೋಡಿದಳು, ಆ ತುದಿ ನೋಡಿದಳು. ಆಮೇಲೆ ಅವರಿಬ್ಬರನ್ನೂ ಬಿಟ್ಟು, ಬಾಗಿಲು ದಾಟಿ, ಮೆಟ್ಟಿಲನ್ನು ಒಂದೊಂದಾಗಿ ಇಳಿದು, ತಟ್ಟೆಯನ್ನು ಬೇವಿನ ಗಿಡದ ಕೆಳಗಿದ್ದ ಶಿಲ್ಪಾರಾಣಿಯ ಕಡೆ ಒಯ್ದಳು.